ಸಾಲದ ಪುಸ್ತಕದಲ್ಲಿ ಆಕೆಯ ಹೆಸರು, ಉತಾರದಲ್ಲಿ ಯಾರದು?

ಗದಗ-ಬೆಟಗೇರಿಯ ಒಂದು ನೇಕಾರರ ಮನೆ, ಇಲ್ಲವೇ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿನ ಒಂದು ಒಕ್ಕಲು ಮನೆಯ ಕಾಗದಪತ್ರಗಳನ್ನೆಲ್ಲ ಹರವಿಕೊಂಡು ಕೂತರೆ ಹೆಸರುಗಳ ಹಂಚಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಸಂಘದ ಸಾಲದ ಪುಸ್ತಕದಲ್ಲಿ ಹೆಂಡತಿಯ ಹೆಸರಿರುತ್ತದೆ. ವಾರದ ಕಂತಿನ ಫೈನಾನ್ಸ್ ಕಾರ್ಡಿನಲ್ಲಿಯೂ ಆಕೆಯ ಹೆಸರೇ. ಹೊಲದ ಉತಾರ, ಮನೆಯ ಖಾತೆ, ಬೈಕಿನ ಕಾಗದ, ಬೆಳೆವಿಮೆಯ ಅರ್ಜಿ ಇವುಗಳಲ್ಲಿ ಮಾತ್ರ ಗಂಡನದೋ ಮಾವನದೋ ಹೆಸರು. ಆಕೆಯ ಸಹಿಯಿಂದ ಬಂದ ಸಾಲದಲ್ಲಿ ಎತ್ತು ಬಂದಿರಬಹುದು, ಮಗ್ಗ ರಿಪೇರಿ ಆಗಿರಬಹುದು, ಮನೆಯ ಮೇಲೆ ಸ್ಲ್ಯಾಬ್ ಬಿದ್ದಿರಬಹುದು. ತೀರಿಸುವ ಹೊಣೆ ಆಕೆಯದು, ಉಳಿಯುವ ಆಸ್ತಿ ಮತ್ತೊಬ್ಬರದು. ಹೆಣ್ಣುಮಕ್ಕಳ ಸಂಪತ್ತಿನ ಬಗ್ಗೆ ಮಾತು ಎತ್ತಿದರೆ ಸಾಮಾನ್ಯವಾಗಿ ಉಳಿತಾಯದ ಪಾಠ ಶುರುವಾಗುತ್ತದೆ. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಉಳಿಸುವುದನ್ನು ಕಲಿಸಬೇಕಾದ ಅಗತ್ಯ ಹೆಚ್ಚೇನೂ ಇಲ್ಲ. ಮೆಣಸಿನಕಾಯಿ ಬಿಡಿಸಿದ ಕೂಲಿ, ಹತ್ತಿ ಬಿಡಿಸಿದ ಕೂಲಿ, ನೂಲು ಸುತ್ತಿದ ಹಣ ಎಲ್ಲದರಲ್ಲೂ ಒಂದಿಷ್ಟು ತೆಗೆದಿಡುವವರು ಅವರೇ. ಉಳಿಸಿದ್ದು ಯಾರ ಹೆಸರಿನಲ್ಲಿ ನಿಲ್ಲುತ್ತದೆ, ಯಾರ ಸಹಿ ಇಲ್ಲದೆ ಅದನ್ನು ಮುಟ್ಟಲಾಗದು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಸಿಗುವವರೆಗೆ ಎಷ್ಟು ಉಳಿಸಿದರೂ ಅದು ಬರುವ ಬರಗಾಲದಲ್ಲೋ ಮದುವೆಯಲ್ಲೋ ಕರಗಿಹೋಗುವ ಹಣ.

ಹೆಸರು ಯಾಕೆ ಅಷ್ಟು ಮುಖ್ಯ ಎಂಬುದಕ್ಕೆ ಸರ್ಕಾರದ ಕಚೇರಿಗಳೇ ಸಾಕ್ಷಿ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ, ಬರಪರಿಹಾರ, ಸೊಸೈಟಿಯ ಬೆಳೆಸಾಲ ಇವೆಲ್ಲ ಉತಾರದಲ್ಲಿ ಹೆಸರಿದ್ದವರ ಹಿಂದೆ ಹೋಗುತ್ತವೆ. ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆದವರು ಯಾರು ಎಂದು ಯಾವ ಅರ್ಜಿಯೂ ಕೇಳುವುದಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಒಟ್ಟು ಹಿಡುವಳಿಗಳಲ್ಲಿ ಹೆಣ್ಣುಮಕ್ಕಳು ನಡೆಸುವವು ನೂರಕ್ಕೆ 14ರಷ್ಟು ಮಾತ್ರ. ಗಂಡ ತೀರಿಕೊಂಡ ಮೇಲೆ ವಾರಸಾ ಮಾಡಿಸದೆ ಬಿಟ್ಟ ಮನೆಗಳಲ್ಲಿ ಇದರ ಪೆಟ್ಟು ಇನ್ನೂ ಜೋರು. ಸತ್ತವರ ಹೆಸರಿನಲ್ಲೇ ಉಳಿದ ಹೊಲದ ಮೇಲೆ ಸಾಲವೂ ಹುಟ್ಟದು, ಪರಿಹಾರವೂ ಬಾರದು, ಮೈದುನರು ತಕರಾರು ತೆಗೆದರೆ ಹೇಳಿಕೊಳ್ಳಲು ಕೈಯಲ್ಲಿ ಒಂದು ಹಾಳೆಯೂ ಇರುವುದಿಲ್ಲ. ಆದ್ದರಿಂದ ಈ ಲೇಖನ ಓದುವವರಲ್ಲಿ ಯಾರ ಮನೆಯಲ್ಲಾದರೂ ವಾರಸಾ ಬಾಕಿ ಇದ್ದರೆ ಬೇರೆಲ್ಲ ಹೂಡಿಕೆಗಿಂತ ಮೊದಲು ಆಗಬೇಕಾದದ್ದು ಅದೇ. ಮರಣ ಪ್ರಮಾಣಪತ್ರ, ವಂಶಾವಳಿ, ಆಧಾರ್ ಪ್ರತಿ ಹಿಡಿದು ನಾಡಕಚೇರಿಗೆ ಹೋಗಿ ಅರ್ಜಿ ಕೊಡಬೇಕು, ಅರ್ಜಿಯ ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಬೇಕು.

ಇನ್ನು ಖಾತೆಯ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) ತಾವೇ ಬಳಸುವ ಬ್ಯಾಂಕ್ ಖಾತೆ ಇರುವ ಹೆಣ್ಣುಮಕ್ಕಳು ದೇಶದಲ್ಲಿ ನೂರಕ್ಕೆ 78ಕ್ಕೂ ಹೆಚ್ಚು. ತಾವೇ ಬಳಸುವ ಮೊಬೈಲ್ ಇದ್ದವರು ನೂರಕ್ಕೆ ಸುಮಾರು 54. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಅರ್ಧ ಕಥೆ ಇದೆ. ಖಾತೆ ಆಕೆಯದು, ಒಟಿಪಿ ಬರುವುದು ಗಂಡನ ಇಲ್ಲವೇ ಮಗನ ಫೋನಿಗೆ, ಎಟಿಎಂ ಕಾರ್ಡಿನ ಗುಟ್ಟಿನ ಸಂಖ್ಯೆ ಮನೆಮಂದಿಗೆಲ್ಲ ಗೊತ್ತು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾದಾಗ ಮನೆಯ ಯಜಮಾನಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಹಾಕುವ ತೀರ್ಮಾನವಾಯಿತು. ಯಜಮಾನಿ ಎಂಬ ಹೆಸರು ಕಾಗದದಲ್ಲಿ ಮೂಡಿದ್ದೇ ಒಂದು ದೊಡ್ಡ ಬದಲಾವಣೆ. ಆದರೆ ಆ ಖಾತೆಗೆ ಆಕೆಯದೇ ಮೊಬೈಲ್ ನಂಬರ್ ಜೋಡಿಸದಿದ್ದರೆ ಆ ಯಜಮಾನಿಕೆ ಪಾಸ್‌ಬುಕ್ಕಿನ ಮೊದಲ ಪುಟ ದಾಟಿ ಬರುವುದಿಲ್ಲ. ಗಜೇಂದ್ರಗಡದ ಕಡೆ ಅತ್ತೆ ಸೊಸೆ ಇಬ್ಬರೂ ಗೃಹಲಕ್ಷ್ಮಿ ಹಣ ಕೂಡಿಸಿ ಕೊಳವೆಬಾವಿ ಕೊರೆಸಿದ ಸುದ್ದಿ ನಾಡೆಲ್ಲ ಹರಡಿತು. ಅದು ಮೆಚ್ಚಬೇಕಾದ ಸುದ್ದಿಯೇ. ಹಣ ಒಂದು ಕಡೆ ನಿಂತು ಆಸ್ತಿಯಾಗಬಲ್ಲದು ಎಂಬುದನ್ನು ಅದು ತೋರಿಸಿತು. ಅಂಥ ಆಸ್ತಿ ಎದ್ದ ಕಡೆಯೆಲ್ಲ ಹೊಲದ ಉತಾರದಲ್ಲೂ ಹಣ ಹಾಕಿದವರ ಹೆಸರು ಸೇರಲಿ ಎಂಬುದು ನನ್ನ ಆಸೆ.

ಹಣ ಕೂಡಿಸುವ ದಾರಿಗಳಲ್ಲಿ ನಮ್ಮೂರುಗಳಿಗೆ ಚೆನ್ನಾಗಿ ಗೊತ್ತಿರುವುದು ಭಿಶಿ. 20 ಹೆಣ್ಣುಮಕ್ಕಳು ತಿಂಗಳಿಗೆ 1,000 ರೂಪಾಯಿ ಹಾಕಿದರೆ ಪ್ರತಿ ತಿಂಗಳು ಒಬ್ಬರಿಗೆ 20,000 ಸಿಗುತ್ತದೆ. ಇದರ ಗುಣ ದೊಡ್ಡದು: ಗೆಳತಿಯರ ಎದುರು ಮಾತು ಉಳಿಸಿಕೊಳ್ಳಬೇಕೆಂಬ ಹಟದಲ್ಲಿ ಉಳಿತಾಯ ತಪ್ಪುವುದಿಲ್ಲ. ದೋಷವೂ ಅಷ್ಟೇ ಸ್ಪಷ್ಟ. ಕೊನೆಗೆ ತೆಗೆದುಕೊಳ್ಳುವವಳಿಗೆ ತನ್ನ ಹಣವೇ ಬಡ್ಡಿಯಿಲ್ಲದೆ ಮರಳುತ್ತದೆ, ನಡೆಸುವವರು ಊರು ಬಿಟ್ಟರೆ ಅದೂ ಇಲ್ಲ. ಹಬ್ಬಕ್ಕೆ, ಪಾತ್ರೆಗೆ, ಶಾಲೆಯ ಫೀಗೆ ಭಿಶಿ ಸಾಕು. ಹತ್ತು ಹದಿನೈದು ವರ್ಷ ನಿಲ್ಲಬೇಕಾದ ಹಣಕ್ಕೆ ಅದು ಜಾಗವಲ್ಲ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯಲ್ಲಿ ತಿಂಗಳಿಗೆ 500 ಕಟ್ಟಿದರೆ, 30,000 ರೂಪಾಯಿ ಈಗಿನ ಶೇ 6.7ರ ದರದಲ್ಲಿ ಸುಮಾರು 35,700 ಆಗುತ್ತದೆ. ಆದರೆ ಆರ್‌ಡಿ ಸಂಬಳದವರಿಗೆ ಹೊಂದುವಷ್ಟು ಕೂಲಿಯವರಿಗೆ ಹೊಂದುವುದಿಲ್ಲ ಎಂಬುದನ್ನು ಹೂಡಿಕೆಯ ಸಲಹೆಗಾರರು ಹೇಳುವುದೇ ಇಲ್ಲ. ಮುಂಡರಗಿ, ಶಿರಹಟ್ಟಿಯ ಒಣಭೂಮಿಯಲ್ಲಿ ಹೆಸರುಕಾಳು ಬಂದಾಗ ಒಂದಿಷ್ಟು, ಶೇಂಗಾ ಕಿತ್ತಾಗ ಒಂದಿಷ್ಟು, ಮೆಣಸಿನಕಾಯಿ ಗದಗಿನ ಮಾರುಕಟ್ಟೆಗೆ ಹೋದಾಗ ಒಂದಿಷ್ಟು ಕೈಗೆ ಹಣ ಬರುತ್ತದೆ. ನಡುವಿನ ತಿಂಗಳು ಬರಿಗೈ. ಕಂತು ತಪ್ಪಿದರೆ ದಂಡ, ನಾಲ್ಕು ಕಂತಿಗಿಂತ ಹೆಚ್ಚು ತಪ್ಪಿದರೆ ಖಾತೆಯೇ ನಿಲ್ಲುತ್ತದೆ.

ಇಂಥವರಿಗೆ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ಕನಿಷ್ಠ 500 ರೂಪಾಯಿ ಹಾಕಿದರೆ ಖಾತೆ ಜೀವಂತ, ಗರಿಷ್ಠ ಒಂದೂವರೆ ಲಕ್ಷದವರೆಗೆ ಸುಗ್ಗಿ ಬಂದಾಗ ಬಂದಷ್ಟು ಹಾಕಬಹುದು. 15 ವರ್ಷ ತಿಂಗಳಿಗೆ 500ರ ಲೆಕ್ಕದಲ್ಲಿ ಹಾಕಿದ 90,000 ರೂಪಾಯಿ, ಈಗಿನ ಶೇ 7.1 ಬಡ್ಡಿ ಹಾಗೆಯೇ ಉಳಿದರೆ, ಸುಮಾರು 1,58,000 ಆಗುತ್ತದೆ. ಗೃಹಲಕ್ಷ್ಮಿಯ 2,000 ಪೂರ್ತಿ ಅಲ್ಲಿಗೇ ಹೋದರೆ ಆರು ಲಕ್ಷ ದಾಟುತ್ತದೆ. ಅಷ್ಟೂ ಹಣ ಹಾಕುವುದು ಬಹಳ ಮನೆಗಳಲ್ಲಿ ಆಗದ ಮಾತು, ಅದು ಗೊತ್ತಿದೆ. ಕಾಲು ಭಾಗವಾದರೂ ಆಕೆಯ ಹೆಸರಿನಲ್ಲಿ ನಿಲ್ಲಲಿ. ಬಡ್ಡಿಗಿಂತ ದೊಡ್ಡದಾದ ಇನ್ನೊಂದು ಗುಣ ಪಿಪಿಎಫ್‌ಗೆ ಇದೆ. ಯಾವ ಸಾಲದ ಸಲುವಾಗಿಯೂ ನ್ಯಾಯಾಲಯ ಅದನ್ನು ಜಪ್ತಿ ಮಾಡುವಂತಿಲ್ಲ. ಮಗಳು ಹತ್ತು ವರ್ಷದೊಳಗಿದ್ದರೆ ಸುಕನ್ಯಾ ಸಮೃದ್ಧಿ ಇದೆ. ವರ್ಷಕ್ಕೆ 250 ರೂಪಾಯಿಯಿಂದ ಶುರು ಮಾಡಬಹುದು, ಈಚಿನ ದರ ಶೇ 8.2. ಈ ದರಗಳನ್ನೆಲ್ಲ ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದ್ದರಿಂದ ಖಾತೆ ತೆರೆಯುವ ದಿನ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಮುಪ್ಪಿನ ಸಲುವಾಗಿ ಅಟಲ್ ಪಿಂಚಣಿ ಇದೆ. 25ನೆಯ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 376 ರೂಪಾಯಿ, 30ರಲ್ಲಿ ಸೇರಿದರೆ 577, 40ರಲ್ಲಿ ಸೇರಿದರೆ 1,454. 60 ದಾಟಿದ ಮೇಲೆ ತಿಂಗಳಿಗೆ 5,000 ಬರುತ್ತದೆ. ಅಷ್ಟು ವರ್ಷಗಳ ನಂತರ 5,000ಕ್ಕೆ ಇಂದಿನ ಬೆಲೆ ಇರುವುದಿಲ್ಲ, ಅದೊಂದನ್ನೇ ನಂಬಿ ಕೂರಬಾರದು. ಆದರೂ ಮಗನ ಮನೆಯಲ್ಲಿರುವ ತಾಯಿಗೆ ಔಷಧಿಗೆ ಕೈ ಚಾಚದಷ್ಟು ಸ್ವಂತ ಹಣ ತಿಂಗಳಿಗೊಮ್ಮೆ ಬರುವುದು ಸಣ್ಣ ಮಾತಲ್ಲ.

ಎಲ್ಲಿ ಇಡಬೇಕು ಎಂಬುದರಷ್ಟೇ ಮುಖ್ಯ, ಇಟ್ಟದ್ದಕ್ಕೆ ಯಾರು ಹೊಣೆ ಎಂಬುದು. ಸಹಕಾರದ ವಿಷಯದಲ್ಲಿ ಗದಗಿಗೆ ದೊಡ್ಡ ಹೆಮ್ಮೆಯಿದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಹೆಸರಾಗಿದೆ. ಸಾಹುಕಾರರ ಬಡ್ಡಿಯಿಂದ ಒಕ್ಕಲಿಗರನ್ನು ಬಿಡಿಸುವುದು ಆ ಸಂಘದ ಉದ್ದೇಶ. ಆ ಪರಂಪರೆಯ ಮೇಲಿನ ಗೌರವದಿಂದಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಸಿಸಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕುಗಳಂಥ ರಿಸರ್ವ್ ಬ್ಯಾಂಕ್ ಪರವಾನಗಿ ಇರುವ ಬ್ಯಾಂಕುಗಳಲ್ಲಿಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆ ಇದೆ. ಪತ್ತಿನ ಸಹಕಾರಿ ಸಂಘಗಳಿಗೆ, ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದ ಸಹಕಾರಿಗಳಿಗೆ ಈ ರಕ್ಷಣೆ ಇಲ್ಲ. ಅಲ್ಲಿ ಒಂದೂವರೆ ಎರಡು ಶೇಕಡಾ ಬಡ್ಡಿ ಹೆಚ್ಚು ಸಿಗುವುದು ಈ ಅಪಾಯದ ಬೆಲೆ. ಅಲ್ಲಿ ಇಡಲೇಬಾರದು ಎಂದು ನಾನು ಹೇಳುವುದಿಲ್ಲ. ಜನ್ಮವಿಡೀ ಕೂಡಿಟ್ಟದ್ದನ್ನೆಲ್ಲ ಒಂದೇ ಸಂಘದಲ್ಲಿ ಇಡುವುದು ಮಾತ್ರ ಬೇಡ. ಇನ್ನು ವಾಟ್ಸಾಪಿನಲ್ಲಿ ಬರುವ, ತಿಂಗಳಲ್ಲಿ ದುಪ್ಪಟ್ಟು ಮಾಡುವ ಮಾತುಗಳಿಗೆ ಕಿವಿಗೊಡಲೇಬಾರದು. ಮೋಸವಾದದ್ದು ತಿಳಿದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಕೈಮೀರಿ ಹೋಗುತ್ತದೆ. ಗದಗ-ಬೆಟಗೇರಿಯ ಶಿಕ್ಷಕಿಯರು, ನರ್ಸುಗಳು, ಬ್ಯಾಂಕ್ ನೌಕರರಂಥ ತಿಂಗಳ ಸಂಬಳದವರು ಮ್ಯೂಚುವಲ್ ಫಂಡಿನ ಎಸ್‌ಐಪಿಯನ್ನೂ ಯೋಚಿಸಬಹುದು. ಆದರೆ ಆರು ತಿಂಗಳ ಮನೆಖರ್ಚು ಬೇರೆಯಾಗಿ ಇಟ್ಟ ಮೇಲೆ, ಹತ್ತು ವರ್ಷ ಮುಟ್ಟದೆ ಬಿಡುವ ಹಣವನ್ನು ಮಾತ್ರ ಅಲ್ಲಿ ಹಾಕಬೇಕು.

ಸಾಲವನ್ನು ತೂಗದೆ ಸಂಪತ್ತಿನ ಲೆಕ್ಕ ಮುಗಿಯುವುದಿಲ್ಲ. ಕಿರುಸಾಲದ ಫೈನಾನ್ಸಿನವರ ವಸೂಲಿಯ ಕಿರುಕುಳ ಎಷ್ಟು ಬೆಳೆದಿತ್ತೆಂದರೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡ್ಡಿಯ ವ್ಯತ್ಯಾಸ ಕಂತಿನಲ್ಲಿ ಕಾಣುವುದಿಲ್ಲ, ಒಟ್ಟಿನಲ್ಲಿ ಕಾಣುತ್ತದೆ. 50,000 ರೂಪಾಯಿಯನ್ನು ಎರಡು ವರ್ಷದಲ್ಲಿ ತಿಂಗಳ ಕಂತಿನಲ್ಲಿ ತೀರಿಸುವುದಾದರೆ, ಶೇ 24ರ ದರದಲ್ಲಿ ಕಂತು ಸುಮಾರು 2,640, ಶೇ 12ರಲ್ಲಿ ಸುಮಾರು 2,350. ತಿಂಗಳಿಗೆ 290 ರೂಪಾಯಿ ಯಾರಿಗೂ ಭಾರವೆನಿಸದು. ಎರಡು ವರ್ಷಕ್ಕೆ ಅದು ಸುಮಾರು 7,000 ರೂಪಾಯಿ, ಮೇಲೆ ಹೇಳಿದ ಪಿಪಿಎಫ್‌ನ ಹದಿನಾಲ್ಕು ತಿಂಗಳ ಹಣ. ಹೀಗಾಗಿ ಫೈನಾನ್ಸಿನವರು ಮನೆ ಬಾಗಿಲಿಗೆ ಬರುತ್ತಾರೆ ಎಂಬ ಅನುಕೂಲಕ್ಕೆ ಸೋಲುವ ಮೊದಲು ಸ್ತ್ರೀಶಕ್ತಿ ಅಥವಾ ಸಂಜೀವಿನಿ ಗುಂಪಿನ ಮೂಲಕ ಬ್ಯಾಂಕಿನ ಸಾಲ ಸಿಗುತ್ತದೆಯೇ ನೋಡಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ, ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ, ಬಡ್ಡಿ ಮತ್ತು ಶುಲ್ಕವನ್ನೆಲ್ಲ ಬರೆದ ಹಾಳೆಯನ್ನು ಕೊಡಲೇಬೇಕು. ಆ ಹಾಳೆ ಕೇಳಿ ಪಡೆಯುವುದು ಸಾಲಗಾರಳ ಹಕ್ಕು. ನಾನು ಒತ್ತಿ ಹೇಳುವ ನಿಯಮ ಒಂದೇ: ಆಕೆಯ ಸಹಿಯ ಮೇಲೆ ಸಾಲ ಬಂದರೆ, ಆ ಸಾಲದಿಂದ ಬಂದ ವಸ್ತುವಿನ ಕಾಗದದಲ್ಲೂ ಆಕೆಯ ಹೆಸರು ಇರಬೇಕು. ಹೊಲಿಗೆ ಯಂತ್ರವಾದರೆ ರಸೀದಿಯಲ್ಲಿ, ಎಮ್ಮೆಯಾದರೆ ವಿಮೆಯಲ್ಲಿ, ಮನೆಯಾದರೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ.

"ಬಂಗಾರ ಐತಲ್ಲ, ಮತ್ತೇನು ಬೇಕು?" ಎಂಬ ಮಾತಿಗೆ ತೂಕವಿಲ್ಲ ಎನ್ನಲಾರೆ. ಬ್ಯಾಂಕಿನ ಬಾಗಿಲು ಹೆಣ್ಣಿಗೆ ಮುಚ್ಚಿದ್ದ ಕಾಲದಲ್ಲಿ ಆಕೆಯದೆಂದು ಉಳಿದದ್ದು ಬಂಗಾರ ಒಂದೇ. ಬೆಲೆಯೂ ಏರುತ್ತಲೇ ಬಂದಿದೆ. ಕಾನೂನಿನಲ್ಲಿಯೂ ಸ್ತ್ರೀಧನ ಪೂರ್ತಿ ಹೆಣ್ಣಿನದೇ. ಗಂಡ, ಅತ್ತೆ-ಮಾವ ಅದನ್ನು ಕಾಯುವವರು ಮಾತ್ರ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಮುಸ್ಲಿಂ ಹೆಣ್ಣುಮಗಳ ಮೆಹರ್ ಕೂಡ ಹೀಗೆಯೇ ಆಕೆಯ ಸ್ವಂತದ್ದು. ಆದರೂ ಬರ ಬಿದ್ದ ವರ್ಷ ಮನೆಯಲ್ಲಿ ಮೊದಲು ಗಿರವಿ ಅಂಗಡಿಗೆ ಹೋಗುವುದು ಯಾವುದು? ಆಕೆಯ ಕೊರಳಿನದೇ. ಬಿಡಿಸಿಕೊಳ್ಳಲಾಗದೆ ಹರಾಜಿಗೆ ಹೋದರೆ ಮಜೂರಿ, ಬಡ್ಡಿ ಎರಡೂ ಮುಳುಗಿದ ಹಾಗೆ. ಆದ್ದರಿಂದ ತೊಡುವ ಬಂಗಾರ ಬೇರೆ, ಕೂಡಿಡುವ ಬಂಗಾರ ಬೇರೆ ಎಂದು ವಿಂಗಡಿಸುವುದು ಒಳ್ಳೆಯದು. ಕೂಡಿಡುವುದನ್ನು ಹಾಲ್‌ಮಾರ್ಕ್ ಇರುವ ನಾಣ್ಯದ ರೂಪದಲ್ಲಿ ಕೊಂಡರೆ ಮಜೂರಿ ಉಳಿಯುತ್ತದೆ. ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತು 2023ರ ಏಪ್ರಿಲ್‌ನಿಂದ ಕಡ್ಡಾಯ. ಅದನ್ನು, ತೂಕವನ್ನು, ರಸೀದಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು, ರಸೀದಿ ಆಕೆಯ ಹೆಸರಿನಲ್ಲೇ ಆಗಬೇಕು. ಅಡ ಇಡಲೇಬೇಕಾದರೆ ಬ್ಯಾಂಕಿನಲ್ಲಿ, ಆಕೆಯ ಹೆಸರಿನಲ್ಲಿ. ಮೂರು ತಿಂಗಳ ಖರ್ಚಿನಷ್ಟು ಹಣ ಉಳಿತಾಯ ಖಾತೆಯಲ್ಲಿದ್ದರೆ ಅಡ ಇಡುವ ಪ್ರಸಂಗವೇ ಕಡಿಮೆಯಾಗುತ್ತದೆ.

ಹೊಲದ ಪಾಲಿನ ಮಾತು ಎಲ್ಲಕ್ಕಿಂತ ಕಠಿಣ, ಎಲ್ಲಕ್ಕಿಂತ ದೊಡ್ಡದು ಕೂಡ. ಹಿಂದೂ ಮನೆಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು, ಆದರೆ ಅದು ಆಗಲೇ ಮದುವೆಯಾಗಿದ್ದವರನ್ನು ಬಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ಸರಿಯಾಗಿ ನೋಂದಣಿಯಾದ ವಾಟ್ನಿಗಳನ್ನು ಈ ಕಾನೂನು ಅಲುಗಿಸುವುದಿಲ್ಲ. ಕಾನೂನು ಇಷ್ಟು ನೇರವಾಗಿದ್ದರೂ ಉಪನೋಂದಣಿ ಕಚೇರಿಯಲ್ಲಿ ಅಕ್ಕ-ತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದು ನಿಂತಿಲ್ಲ. ಕಾರಣ ಗೊತ್ತಿರುವುದೇ: ಪಾಲು ಕೇಳಿದರೆ ತವರು ತಪ್ಪುತ್ತದೆ, ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ಉಡಿ ತುಂಬುವವರು ಇರುವುದಿಲ್ಲ. ಈ ಭಯವನ್ನು ಹಗುರವಾಗಿ ಕಾಣಬಾರದು. ಗಂಡನ ಮನೆಯಲ್ಲಿ ಕಷ್ಟ ಬಂದರೆ ಆಕೆಗೆ ಇರುವ ಇನ್ನೊಂದು ಬಾಗಿಲು ತವರು ಮಾತ್ರ. ಆದರೆ ಯೋಚಿಸಬೇಕಾದದ್ದು, ಆ ಬಾಗಿಲು ಅಣ್ಣ ಇರುವವರೆಗೆ, ಅತ್ತಿಗೆ ಒಪ್ಪುವವರೆಗೆ. ಸ್ವಂತದ ಎರಡು ಎಕರೆ ಯಾರ ಒಪ್ಪಿಗೆಯ ಮೇಲೂ ನಿಂತಿಲ್ಲ. "ಮದುವ್ಯಾಗ ಖರ್ಚು ಮಾಡೇವಲ್ಲ" ಎಂಬ ವಾದಕ್ಕೆ ಕಾನೂನಿನ ಬಲವೂ ಇಲ್ಲ, ನ್ಯಾಯದ ಬಲವೂ ಇಲ್ಲ. ಊಟ, ಪೆಂಡಾಲಿನಲ್ಲಿ ಮುಗಿದ ಹಣ ಆಕೆಯ ಕೈಯಲ್ಲಿ ಉಳಿದ ಆಸ್ತಿಯಲ್ಲ.

ಪಾಲು ಕೇಳುವುದೆಂದರೆ ಹೊಲದ ನಡುವೆ ಬದು ಹಾಕಿಸುವುದು ಎಂದೇ ಆಗಬೇಕಾಗಿಲ್ಲ. ಹೆಸರನ್ನು ಉತಾರದಲ್ಲಿ ಉಳಿಸಿಕೊಂಡು, ಸಾಗುವಳಿಯನ್ನು ಅಣ್ಣನಿಗೇ ಬಿಟ್ಟು ವರ್ಷಕ್ಕಿಷ್ಟು ಜೋಳ, ಕಡಲೆ ತರಿಸಿಕೊಳ್ಳುವ ಹೊಂದಾಣಿಕೆ ಅಣ್ಣ-ತಂಗಿಯರ ನಡುವೆ ಸಾಧ್ಯ. ಹೊಲವೇ ಬೇಡವಾದರೆ ಅದರ ಬೆಲೆಯನ್ನು ಖಾತೆಗೆ ಹಾಕಿಸಿಕೊಂಡು, ಆ ಮೊತ್ತವನ್ನು ಪತ್ರದಲ್ಲಿ ಬರೆಯಿಸಿದ ನಂತರ ಸಹಿ ಮಾಡಬಹುದು. ಏನೂ ಬೇಡ ಎಂದು ಮನಸಾರೆ ಬಿಟ್ಟುಕೊಡುವುದು ಕೂಡ ಆಕೆಯ ಇಷ್ಟ. ಆದರೆ ಏನನ್ನು ಬಿಟ್ಟೆ, ಅದರ ಬೆಲೆ ಎಷ್ಟು ಎಂಬುದು ತಿಳಿದಿರಬೇಕು. ಕಾಗದವನ್ನು ಒಂದು ವಾರ ಮೊದಲೇ ಕೈಗೆ ತರಿಸಿಕೊಂಡು ಓದಿಸಿ ಕೇಳಬೇಕು. ನೋಂದಣಿಯಾದ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಕೆಲಸ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ. ಗದಗಿನ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರವನ್ನು ವಿಚಾರಿಸಿದರೆ ಸಾಕು.

"ಸಂಸಾರದಾಗ ನಂದು ನಿಂದು ಅಂತ ಇರ್ತದೇನು?" ಎಂದು ಕೇಳುವವರ ಮನಸ್ಸು ಕೆಟ್ಟದ್ದಲ್ಲ. ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣುವ ಮನೆಯಲ್ಲಿ ಹೆಸರಿನ ಚರ್ಚೆ ಒಡಕಿನ ಮಾತಾಗಿ ಕೇಳುತ್ತದೆ. ಆದರೆ ಎಲ್ಲವೂ ಎಲ್ಲರದ್ದಾಗಿದ್ದರೆ ಕಾಗದದಲ್ಲಿ ಇಬ್ಬರ ಹೆಸರು ಬರೆಯಿಸಲು ಅಡ್ಡಿ ಯಾವುದು? ಆಕೆಯ ಹೆಸರಿನಲ್ಲಿ ಆಸ್ತಿ ಇರುವುದು ಮನೆಗೇ ರಕ್ಷಣೆ ಎಂಬುದನ್ನು ವ್ಯಾಪಾರಸ್ಥರು ಬೇಗ ಅರಿಯುತ್ತಾರೆ. ಗಂಡ ತನ್ನ ಜೀವವಿಮೆಯನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ-ಮಕ್ಕಳ ಹೆಸರಿಗೆ ಮಾಡಿಸಿದರೆ, ವ್ಯಾಪಾರ ಮುಳುಗಿ ಸಾಲ ಕೊಟ್ಟವರು ಬಾಗಿಲಿಗೆ ಬಂದರೂ ಆ ಹಣ ಮುಟ್ಟಲಾರರು. ಪಾಲಿಸಿ ಮಾಡಿಸುವಾಗಲೇ ಆ ಅರ್ಜಿ ತುಂಬಬೇಕು, ಏಜೆಂಟರು ತಾವಾಗಿ ಹೇಳುವುದು ಅಪರೂಪ. ಇನ್ನು ಹೆಣ್ಣು ಸಂಪತ್ತಿನ ಒಡತಿಯಾಗುವುದು ನಮ್ಮ ಸಂಪ್ರದಾಯವಲ್ಲ ಎನ್ನುವವರು ಗದಗಿನ ಪಕ್ಕದ ಲಕ್ಕುಂಡಿಗೆ ಹೋಗಿ ಬ್ರಹ್ಮ ಜಿನಾಲಯವನ್ನು ನೋಡಬೇಕು. ಸಾವಿರ ವರ್ಷದ ಹಿಂದೆ ಅದನ್ನು ಕಟ್ಟಿಸಿದ ಅತ್ತಿಮಬ್ಬೆ ವಿಧವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ದಾನಚಿಂತಾಮಣಿ ಎಂದು ನಾಡು ಆಕೆಯನ್ನು ಕರೆದದ್ದು, ಕೊಡುವುದಕ್ಕೆ ಬೇಕಾದ ಸಂಪತ್ತೂ ಅದನ್ನು ಕೊಡುವ ಅಧಿಕಾರವೂ ಆಕೆಯ ಕೈಯಲ್ಲೇ ಇದ್ದದ್ದರಿಂದ.

ಕೈಯಲ್ಲಿ ಆಸ್ತಿ ನಿಂತ ಮೇಲೆ ಮುಂದೆ ಅದು ಯಾರಿಗೆ ಎಂಬುದನ್ನೂ ಆಕೆಯೇ ಬರೆದಿಡಬೇಕು. ನಾಮಿನಿ ಎಂದರೆ ವಾರಸುದಾರ ಎಂದು ಬಹಳ ಮಂದಿ ತಿಳಿದಿದ್ದಾರೆ. ನಾಮಿನಿ ಹಣ ಪಡೆದುಕೊಳ್ಳುವವನು ಅಷ್ಟೇ, ಹಕ್ಕು ವಾರಸುದಾರರದು. ಮೃತ್ಯುಪತ್ರ ಬರೆಯದೆ ಹಿಂದೂ ಹೆಣ್ಣುಮಗಳು ತೀರಿಕೊಂಡರೆ ಆಕೆಯ ಸ್ವಂತ ಗಳಿಕೆ ಮೊದಲು ಮಕ್ಕಳಿಗೆ, ಗಂಡನಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಂದೆ-ತಾಯಿಯ ಸರದಿ ಅದಾದ ಮೇಲೆ. ಮಕ್ಕಳಿಲ್ಲದ ವಿಧವೆ ನೂಲು ಸುತ್ತಿ ಕೂಡಿಟ್ಟ ಹಣ, ಆಕೆಯನ್ನು ನೋಡಿಕೊಂಡ ತಾಯಿಗೆ ಸಿಗದೆ, ಮಾತೂ ಆಡದ ಮೈದುನನ ಮನೆ ಸೇರಬಹುದು. ಇದನ್ನು ತಪ್ಪಿಸಲು ಬೇಕಾದದ್ದು ಒಂದು ಬಿಳಿ ಹಾಳೆ, ಆಕೆಯ ಸಹಿ, ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಬಲ ಹೆಚ್ಚು.

ಇದನ್ನೆಲ್ಲ ಮಾಡಲು ಬೇಕಾದ ಧೈರ್ಯದ ಬಗ್ಗೆ ಪ್ರತ್ಯೇಕವಾಗಿ ಹೇಳುವುದು ಕಡಿಮೆ, ಯಾಕೆಂದರೆ ಅದು ಭಾಷಣದಿಂದ ಬರುವಂಥದ್ದಲ್ಲ. ಚಲನ್ ತುಂಬಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ, ತಪ್ಪಿದ ಲೆಕ್ಕವನ್ನು ಕೌಂಟರಿನಲ್ಲಿ ಕೇಳಿ ಸರಿಪಡಿಸಿಕೊಂಡಾಗ ತಾನೇ ಬರುತ್ತದೆ. ಇದನ್ನು ಚಿಕ್ಕಂದಿನಿಂದಲೇ ಶುರು ಮಾಡಬಹುದು. ಹತ್ತು ವರ್ಷ ತುಂಬಿದ ಹುಡುಗಿ ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಉಳಿತಾಯ ಖಾತೆ ತೆರೆದು, ತಾನೇ ಸಹಿ ಮಾಡಿ ಹಣ ಹಾಕಬಹುದು, ತೆಗೆಯಬಹುದು. ಬೇಕಾಗುವುದು ಆಕೆಯ ಆಧಾರ್, ಜನನ ಪ್ರಮಾಣಪತ್ರ, ಫೋಟೋ, ಜೊತೆಗೆ ಬರಲು ಒಬ್ಬ ತಾಯಿ.